ಥರ್ಮಾಮೀಟರ್ ಹೇಳದ ಲೆಕ್ಕ: ರಾಸಾಯನಿಕ ಕ್ರಿಯೆಯ ಉಷ್ಣವನ್ನು ಅಳೆಯುವುದು ಹೇಗೆ?

ಥರ್ಮಾಮೀಟರ್ ಉಷ್ಣವನ್ನು ಅಳೆಯುವುದಿಲ್ಲ. ಅದು ಅಳೆಯುವುದು ತಾಪಮಾನವನ್ನು ಮಾತ್ರ. ಈ ಎರಡೂ ಒಂದೇ ಅಂದುಕೊಂಡರೆ ಮುಂದಿನ ಲೆಕ್ಕ ಯಾವುದೂ ಕೂಡಿಬರುವುದಿಲ್ಲ.

ಒಂದು ಲೋಟದಲ್ಲೂ ಒಂದು ಬಕೆಟ್‌ನಲ್ಲೂ 60 ಡಿಗ್ರಿ ಸೆಲ್ಸಿಯಸ್‌ನ ನೀರಿದೆ ಎಂದುಕೊಳ್ಳಿ. ಥರ್ಮಾಮೀಟರ್ ಎರಡರಲ್ಲೂ ಒಂದೇ ಅಂಕಿ ತೋರಿಸುತ್ತದೆ. ಆದರೆ ಬಕೆಟ್ ನೀರನ್ನು ಅಷ್ಟು ಬಿಸಿ ಮಾಡಲು ಎಷ್ಟೋ ಪಟ್ಟು ಜಾಸ್ತಿ ಶಾಖ ಬೇಕಾಗಿತ್ತು, ಅಲ್ವಾ? ಇನ್ನೊಂದು ಉದಾಹರಣೆ ನೋಡಿ. ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ, ಅದು ಪೂರ್ತಿ ಕರಗುವ ತನಕ ತಾಪಮಾನ 0 ಡಿಗ್ರಿಯಲ್ಲೇ ನಿಂತಿರುತ್ತದೆ. ಶಾಖ ಒಳಗೆ ಹೋಗುತ್ತಲೇ ಇದೆ, ಥರ್ಮಾಮೀಟರ್ ಮಾತ್ರ ಅಲುಗುವುದಿಲ್ಲ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಉಷ್ಣವನ್ನೂ ತಾಪಮಾನವನ್ನೂ ಬೇರೆ ಬೇರೆ ಮಾಡಿ ವಿವರಿಸಿದರು. ಉಷ್ಣದ ಅಳತೆ ನಿಜವಾಗಿ ಶುರುವಾಗುವುದು ಅಲ್ಲಿಂದ.

ಹಾಗಾದರೆ ಒಂದು ರಾಸಾಯನಿಕ ಕ್ರಿಯೆ ಎಷ್ಟು ಉಷ್ಣ ಕೊಟ್ಟಿತು ಎಂದು ಹೇಗೆ ತಿಳಿಯುವುದು? ಕ್ರಿಯೆಯನ್ನು ಕೇಳಿ ಪ್ರಯೋಜನವಿಲ್ಲ. ಅದರ ಉಷ್ಣವನ್ನು ಯಾರು ತೆಗೆದುಕೊಂಡರು ಎಂದು ಹುಡುಕಬೇಕು. ತೆಗೆದುಕೊಂಡ ವಸ್ತು ನಮಗೆ ಚೆನ್ನಾಗಿ ಗೊತ್ತಿರುವುದಾಗಿರಬೇಕು. ಉದಾಹರಣೆಗೆ ನೀರು. ಒಂದು ಗ್ರಾಂ ನೀರಿನ ತಾಪಮಾನ ಒಂದು ಡಿಗ್ರಿ ಏರಬೇಕಾದರೆ 4.18 ಜೂಲ್ ಬೇಕು (ಜೂಲ್ ಎಂದರೆ ಶಕ್ತಿಯ ಮಾನ, ಸಾವಿರ ಜೂಲ್ ಒಂದು ಕಿಲೋಜೂಲ್). ಇದು ನೀರಿನ ವಿಶಿಷ್ಟೋಷ್ಣ. ತಾಮ್ರಕ್ಕಾದರೆ 0.385 ಜೂಲ್ ಸಾಕು. ಈ ಸಂಖ್ಯೆ ಕೈಯಲ್ಲಿದ್ದರೆ ಉಳಿದದ್ದು ಸುಲಭದ ಗುಣಾಕಾರ: ತೂಕ × ವಿಶಿಷ್ಟೋಷ್ಣ × ತಾಪಮಾನದಲ್ಲಾದ ಬದಲಾವಣೆ. ಬರುವ ಉತ್ತರವೇ ಉಷ್ಣ.

ಇಡೀ ವಿಷಯದ ತಿರುಳು ಇಷ್ಟೇ. ಪ್ರಯೋಗಶಾಲೆಯಲ್ಲಿ ನಾವು ಒಂದು ಸಣ್ಣ ಬದಲಾವಣೆಯನ್ನು ನೋಡುತ್ತೇವೆ. ಉಳಿದದ್ದೆಲ್ಲಾ ಲೆಕ್ಕ. ಆ ಲೆಕ್ಕ ಎಷ್ಟು ಗಟ್ಟಿಯೆಂದರೆ, ಯಾರೂ ಮಾಡಿ ನೋಡಲಾಗದ ಕ್ರಿಯೆಯ ಉಷ್ಣವನ್ನೂ ಅದು ಹೇಳಿಬಿಡುತ್ತದೆ. ನನಗೆ ರಸಾಯನಶಾಸ್ತ್ರದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ.

ಕರಗಿದ ನೀರನ್ನು ತೂಗಿದವರು

ಉಷ್ಣ ಅಳೆಯಲು ಥರ್ಮಾಮೀಟರ್ ಬೇಕೇ ಬೇಕು ಎಂದೇನೂ ಇಲ್ಲ. ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸ್ 1780ರ ದಶಕದ ಆರಂಭದಲ್ಲಿ ಮಾಡಿದ ಉಪಕರಣದಲ್ಲಿ ಆ ಕೆಲಸ ಮಾಡಿದ್ದು ಮಂಜುಗಡ್ಡೆ. ಒಂದರೊಳಗೊಂದು ಮೂರು ಕೋಣೆಗಳಿದ್ದ ಪಾತ್ರೆ ಅದು. ನಡುವಿನ ಕೋಣೆಯಲ್ಲಿ ಉರಿಯುವ ಇದ್ದಿಲೋ ಬೇರೆ ವಸ್ತುವೋ ಇರುತ್ತಿತ್ತು. ಅದರ ಸುತ್ತ ಮಂಜುಗಡ್ಡೆ. ಅದರಾಚೆಗೆ ಮತ್ತೊಂದು ಸುತ್ತು ಮಂಜುಗಡ್ಡೆ.

ಹೊರಗಿನ ಸುತ್ತು ಯಾಕೆ? ಕೋಣೆಯ ಬೆಚ್ಚಗಿನ ಗಾಳಿಯಿಂದ ಬರುವ ಶಾಖವನ್ನೆಲ್ಲ ಅದು ತಾನೇ ತಡೆದುಕೊಳ್ಳುತ್ತಿತ್ತು. ಹಾಗಾಗಿ ಒಳಸುತ್ತಿನ ಮಂಜುಗಡ್ಡೆ ಕರಗಿದರೆ ಅದಕ್ಕೆ ಒಂದೇ ಕಾರಣ, ನಡುವಿನಲ್ಲಿರುವ ವಸ್ತು. ಕರಗಿ ಇಳಿದ ನೀರನ್ನು ಹಿಡಿದು ತೂಗಿದರೆ ಉಷ್ಣ ಎಷ್ಟೆಂದು ಗೊತ್ತಾಯಿತು. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಬೇಕು. ಒಂದು ಗ್ರಾಂ ಶುದ್ಧ ಇಂಗಾಲ ಪೂರ್ತಿ ಉರಿದರೆ ಬರುವುದು ಸುಮಾರು 32.8 ಕಿಲೋಜೂಲ್. ಅಂದರೆ ಒಂದೇ ಗ್ರಾಂ ಇಂಗಾಲ ಹತ್ತಿರ ಹತ್ತಿರ 98 ಗ್ರಾಂ ಮಂಜುಗಡ್ಡೆಯನ್ನು ಕರಗಿಸಬಲ್ಲದು.

ಅವರು ಅದರೊಳಗೆ ಒಂದು ಗಿನಿಪಿಗ್ ಅನ್ನೂ ಇಟ್ಟು ನೋಡಿದರು. ಪ್ರಾಣಿಯ ಮೈಶಾಖಕ್ಕೆ ಎಷ್ಟು ಮಂಜು ಕರಗಿತು, ಅದರ ಉಸಿರಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬಂತು ಎಂದು ಅಳೆದರು. ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬರುವಷ್ಟು ಇದ್ದಿಲು ಉರಿದರೆ ಎಷ್ಟು ಉಷ್ಣ ಬರುತ್ತದೆ ಎಂಬುದರ ಜೊತೆ ಹೋಲಿಸಿದರು. ಎರಡೂ ಸಾಕಷ್ಟು ಹತ್ತಿರ ಬಂದವು. ಉಸಿರಾಟವೂ ಒಂದು ಬಗೆಯ ನಿಧಾನ ದಹನ ಎಂಬ ಮಾತಿಗೆ ಅಳತೆಯ ಬೆಂಬಲ ಸಿಕ್ಕಿದ್ದು ಹೀಗೆ.

ಒಂದು ಕಪ್, ಎರಡು ದ್ರಾವಣ

ಈಗ ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯ ತನಕ ಮಾಡೋಣ. ಕಾಲೇಜು ಪ್ರಯೋಗಶಾಲೆಗಳಲ್ಲಿ ಥರ್ಮೋಕೋಲ್ ಕಪ್ಪನ್ನೇ ಕ್ಯಾಲೊರಿಮೀಟರ್, ಅಂದರೆ ಉಷ್ಣ ಅಳೆಯುವ ಪಾತ್ರೆ, ಆಗಿ ಬಳಸುತ್ತಾರೆ. ಅದು ಶಾಖವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ, ತಾನೂ ಜಾಸ್ತಿ ಹೀರುವುದಿಲ್ಲ. ಸರಳವಾಗಿದೆ ಎಂದು ಅದನ್ನು ಕಡೆಗಣಿಸಬೇಡಿ. ಎಚ್ಚರಿಕೆಯಿಂದ ಬಳಸಿದರೆ ಒಳ್ಳೆಯ ಉತ್ತರವನ್ನೇ ಕೊಡುತ್ತದೆ.

ಪ್ರತಿ ಲೀಟರ್‌ಗೆ 1 ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್ ತೆಗೆದುಕೊಳ್ಳಿ (ಮೋಲ್ ಎಂದರೆ ಡಜನ್ ಇದ್ದ ಹಾಗೆ, ಕಣಗಳ ಒಂದು ನಿಗದಿತ ಎಣಿಕೆ). ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿಲೀಟರ್ ಇನ್ನೊಂದು ಕಡೆ ಇರಲಿ. ಎರಡರ ತಾಪಮಾನವೂ 25.0 ಡಿಗ್ರಿ. ಸುರಿದು ಕಲಕಿದಾಗ ತಾಪಮಾನ 31.7ಕ್ಕೆ ಏರಿತು ಎನ್ನೋಣ. ಏರಿಕೆ 6.7 ಡಿಗ್ರಿ. ಒಟ್ಟು ದ್ರಾವಣ ಸುಮಾರು 100 ಗ್ರಾಂ. ಹೆಚ್ಚಿನ ಪಾಲು ನೀರೇ ಆದ್ದರಿಂದ ವಿಶಿಷ್ಟೋಷ್ಣ 4.18 ಎಂದೇ ಹಿಡಿಯೋಣ. 100 × 4.18 × 6.7 ಅಂದರೆ ಸುಮಾರು 2800 ಜೂಲ್. ದ್ರಾವಣಕ್ಕೆ ಸಿಕ್ಕ ಉಷ್ಣ ಇದು.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. 2800 ಜೂಲ್ ಎಂಬುದು ಈ ಕಪ್ಪಿಗೆ ಸೇರಿದ ಸಂಖ್ಯೆ. ಬೇರೆಯವರು ಬೇರೆ ಪ್ರಮಾಣ ಬಳಸಿದರೆ ಅವರಿಗೆ ಬೇರೆ ಸಂಖ್ಯೆ ಬರುತ್ತದೆ. ಎಲ್ಲರೂ ಹೋಲಿಸಿ ನೋಡುವಂತಾಗಬೇಕಾದರೆ ಮೋಲ್ ಲೆಕ್ಕಕ್ಕೆ ತರಬೇಕು. 50 ಮಿಲಿಲೀಟರ್‌ನಲ್ಲಿ ಇದ್ದದ್ದು 0.050 ಮೋಲ್ ಆಮ್ಲ. 2800ನ್ನು 0.050ರಿಂದ ಭಾಗಿಸಿದರೆ 56,000 ಜೂಲ್, ಅಂದರೆ ಮೋಲ್‌ಗೆ 56 ಕಿಲೋಜೂಲ್.

ಈಗ ಚಿಹ್ನೆ. ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವುದು ಬಹುಪಾಲು ಇಲ್ಲೇ. ದ್ರಾವಣಕ್ಕೆ ಉಷ್ಣ ಬಂತು, ಅದಕ್ಕೆ ಅದು +2800. ಕೊಟ್ಟಿದ್ದು ಯಾರು? ಕ್ರಿಯೆ. ಅದರ ಪಾಲಿಗೆ ಅದು −2800. ನಾವು ಪುಸ್ತಕದಲ್ಲಿ ಬರೆಯುವುದು ಯಾವಾಗಲೂ ಕ್ರಿಯೆಯ ಕಡೆಯ ಲೆಕ್ಕವನ್ನು. ಹಾಗಾಗಿ ಉತ್ತರ ಮೋಲ್‌ಗೆ −56 ಕಿಲೋಜೂಲ್. ಉಷ್ಣ ಹೊರಗೆ ಕೊಡುವ ಇಂಥ ಕ್ರಿಯೆ ಬಹಿರುಷ್ಣಕ. ಉಷ್ಣ ಹೀರುವಂಥದ್ದು ಅಂತರುಷ್ಣಕ, ಅದರ ಚಿಹ್ನೆ ಧನ. ತಾಪಮಾನ ಏರಿದರೆ ಋಣ, ಇಳಿದರೆ ಧನ. ಮೊದಮೊದಲು ತಲೆಕೆಳಗಾದಂತೆ ಕಾಣುತ್ತದೆ. ಯಾರ ಪರವಾಗಿ ಲೆಕ್ಕ ಬರೆಯುತ್ತಿದ್ದೇವೆ ಎಂದು ಕೇಳಿಕೊಂಡರೆ ಗೊಂದಲ ಹೋಗುತ್ತದೆ.

ಒಂದು ಪ್ರಶ್ನೆ. ಎರಡೂ ದ್ರಾವಣಗಳನ್ನು 50ರ ಬದಲು 100 ಮಿಲಿಲೀಟರ್ ತೆಗೆದುಕೊಂಡರೆ ತಾಪಮಾನ ಎಷ್ಟು ಏರುತ್ತದೆ? ಎರಡರಷ್ಟು ಎಂದು ಅನ್ನಿಸಬಹುದು. ಆದರೆ ಅದೇ 6.7 ಡಿಗ್ರಿ ಏರುತ್ತದೆ. ಉಷ್ಣ ಎರಡರಷ್ಟಾಯಿತು ನಿಜ, ಅದನ್ನು ಹಂಚಿಕೊಳ್ಳುವ ದ್ರಾವಣವೂ ಎರಡರಷ್ಟಾಯಿತು. ಪ್ರಮಾಣ ಹಾಗೇ ಇಟ್ಟು ಸಾರತೆಯನ್ನು ಎರಡರಷ್ಟು ಮಾಡಿದರೆ ಮಾತ್ರ ಏರಿಕೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಈ ಒಂದು ಪ್ರಶ್ನೆ ಅರ್ಥವಾದರೆ ಉಷ್ಣ ಮತ್ತು ತಾಪಮಾನದ ವ್ಯತ್ಯಾಸ ಮನಸ್ಸಲ್ಲಿ ಕೂತಿತು ಎಂದೇ ಅರ್ಥ.

ಹೈಡ್ರೋಕ್ಲೋರಿಕ್ ಬದಲು ನೈಟ್ರಿಕ್ ಆಮ್ಲ, ಸೋಡಿಯಂ ಬದಲು ಪೊಟಾಸಿಯಂ ಹೈಡ್ರಾಕ್ಸೈಡ್ ಬಳಸಿದರೂ ಉತ್ತರ ಸುಮಾರು −56ರ ಹತ್ತಿರವೇ ಬರುತ್ತದೆ. ಯಾಕೆಂದರೆ ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲಗಳು ನೀರಿನಲ್ಲಿ ಆಗಲೇ ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಕಣಗಳಾಗಿ, ಬಿಡಿಬಿಡಿಯಾಗಿರುತ್ತವೆ. ನಿಜವಾಗಿ ನಡೆಯುವ ಕ್ರಿಯೆ ಒಂದೇ: ಹೈಡ್ರೋಜನ್ ಅಯಾನೂ ಹೈಡ್ರಾಕ್ಸೈಡ್ ಅಯಾನೂ ಸೇರಿ ನೀರಾಗುವುದು. ಕ್ಲೋರೈಡ್, ಸೋಡಿಯಂ ಎಲ್ಲ ಸುಮ್ನೆ ನೋಡುತ್ತಾ ನಿಂತಿರುತ್ತವೆ. ದುರ್ಬಲ ಆಮ್ಲದ ಕಥೆ ಬೇರೆ. ಹೈಡ್ರೋಜನ್ ಸೈಯನೈಡ್‌ನಂಥ ತೀರಾ ದುರ್ಬಲ ಆಮ್ಲದಿಂದ ಹೊರಬರುವುದು ಮೋಲ್‌ಗೆ ಸುಮಾರು 12 ಕಿಲೋಜೂಲ್ ಮಾತ್ರ. ಮಿಕ್ಕ ಉಷ್ಣವೆಲ್ಲ ಆ ಆಮ್ಲದಿಂದ ಹೈಡ್ರೋಜನ್ ಅಯಾನನ್ನು ಬಿಡಿಸಿಕೊಳ್ಳಲು ಖರ್ಚಾಗಿರುತ್ತದೆ. ಥರ್ಮಾಮೀಟರಿನ ಒಂದು ಅಂಕಿಯಿಂದ ಅಣುಗಳ ಮಟ್ಟದಲ್ಲಿ ಏನಾಗುತ್ತಿದೆ ಎಂದು ಊಹಿಸಲು ಸಾಧ್ಯವಾಗುವುದು ಹೀಗೆ.

ಸೋರಿಹೋಗುವ ಶಾಖ

ಕಪ್ಪಿನಲ್ಲಿ ಬರುವ ಉತ್ತರ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಕಪ್, ಕಲಕುವ ಕಡ್ಡಿ, ಥರ್ಮಾಮೀಟರ್, ಮೇಲಿನ ಗಾಳಿ ಎಲ್ಲವೂ ಒಂದಿಷ್ಟು ಶಾಖ ತೆಗೆದುಕೊಳ್ಳುತ್ತವೆ. ಜೊತೆಗೆ ಕಾಲದ ಸಮಸ್ಯೆ. ಕ್ರಿಯೆ ಮುಗಿದು ಥರ್ಮಾಮೀಟರ್ ಗರಿಷ್ಠ ಅಂಕಿ ತೋರಿಸುವ ಹೊತ್ತಿಗೆ ಕಪ್ ಆಗಲೇ ತಣ್ಣಗಾಗಲು ಶುರುಮಾಡಿರುತ್ತದೆ. ನಮಗೆ ಕಾಣುವ ಗರಿಷ್ಠ, ನಿಜವಾದ ಗರಿಷ್ಠವಲ್ಲ.

ಇದಕ್ಕೆ ಒಂದು ಒಳ್ಳೆಯ ಉಪಾಯವಿದೆ. ಬೆರೆಸುವ ಮೊದಲೇ ಕೆಲವು ನಿಮಿಷ ತಾಪಮಾನ ಬರೆದುಕೊಳ್ಳಬೇಕು. ಬೆರೆಸಿದ ಮೇಲೂ, ತಾಪಮಾನ ಇಳಿಯಲು ಶುರುವಾದ ಮೇಲೂ, ಅರ್ಧರ್ಧ ನಿಮಿಷಕ್ಕೆ ಬರೆಯುತ್ತಲೇ ಇರಬೇಕು. ಗ್ರಾಫ್ ಎಳೆದಾಗ ಇಳಿಯುವ ಭಾಗ ಹೆಚ್ಚುಕಮ್ಮಿ ಒಂದು ನೇರ ಗೆರೆಯಂತೆ ಕಾಣುತ್ತದೆ. ಆ ಗೆರೆಯನ್ನು ಬೆರೆಸಿದ ಕ್ಷಣದ ತನಕ ಹಿಂದಕ್ಕೆ ಎಳೆಯಿರಿ. ಅದು ಮುಟ್ಟುವ ಬಿಂದುವೇ ಶಾಖ ಸೋರದಿದ್ದರೆ ಬರುತ್ತಿದ್ದ ತಾಪಮಾನ. ಸೋರಿಕೆಯನ್ನು ನಿಲ್ಲಿಸಲು ಆಗದಿದ್ದರೂ ಅದನ್ನು ಅಳೆದು ಸರಿಪಡಿಸಬಹುದು. ಅಳತೆಯ ಶಿಸ್ತು ಅಂದರೆ ಇದೇ ಎಂದು ನನ್ನ ನಂಬಿಕೆ.

ಸ್ಪಿರಿಟ್ ದೀಪದ ಮೇಲೆ ನೀರು ಕಾಯಿಸಿ ಇಂಧನದ ಉಷ್ಣ ಅಳೆಯುವ ಪ್ರಯೋಗದಲ್ಲಿ ಸೋರಿಕೆ ಇನ್ನೂ ದೊಡ್ಡದು. ಎಥೆನಾಲ್ ಪೂರ್ತಿ ಉರಿದರೆ ಮೋಲ್‌ಗೆ 1367 ಕಿಲೋಜೂಲ್ ಬರಬೇಕು. ತೆರೆದ ಜ್ವಾಲೆಯ ಪ್ರಯೋಗದಲ್ಲಿ ಅದರ ಅರ್ಧವೂ ನೀರಿಗೆ ಸೇರದೇ ಹೋಗಬಹುದು. ಜ್ವಾಲೆಯ ಬಿಸಿ ಗಾಳಿ ಪಾತ್ರೆಯ ಪಕ್ಕದಿಂದ ಮೇಲೇರಿ ಹೋಗಿಬಿಡುತ್ತದೆ. ಪಾತ್ರೆಯ ತಳಕ್ಕೆ ಮಸಿ ಹಿಡಿದಿದ್ದರೆ ಇಂಧನವೂ ಪೂರ್ತಿ ಉರಿದಿಲ್ಲ ಎಂದರ್ಥ.

ತಣ್ಣಗಾಗುವ ದ್ರಾವಣಕ್ಕೂ ಲೆಕ್ಕದ ದಾರಿ ಅದೇ. ಅಮೋನಿಯಂ ನೈಟ್ರೇಟ್ ನೀರಲ್ಲಿ ಕರಗುವಾಗ ಮೋಲ್‌ಗೆ ಸುಮಾರು 25.7 ಕಿಲೋಜೂಲ್ ಹೀರುತ್ತದೆ. ಅದರ ಒಂದು ಮೋಲ್ ಸುಮಾರು 80 ಗ್ರಾಂ. 8 ಗ್ರಾಂ ತೆಗೆದುಕೊಂಡು 100 ಗ್ರಾಂ ನೀರಿಗೆ ಹಾಕಿದರೆ ಹೀರುವ ಉಷ್ಣ 2570 ಜೂಲ್. ಅದನ್ನು 108 × 4.18ರಿಂದ ಭಾಗಿಸಿದರೆ 5.7. ಅಂದರೆ ನೀರು ಅಷ್ಟು ಡಿಗ್ರಿ ತಣ್ಣಗಾಗುತ್ತದೆ. ಉಳುಕಿದ ಜಾಗಕ್ಕೆ ಇಡುವ, ಹಿಸುಕಿದರೆ ತಣ್ಣಗಾಗುವ ಪ್ಯಾಕ್‌ಗಳಲ್ಲಿ ಈ ಲವಣವನ್ನು ಬಳಸುತ್ತಿದ್ದುದು ಇದಕ್ಕೇ.

ಬಾಂಬ್ ಎಂಬ ಉಕ್ಕಿನ ಡಬ್ಬಿ

ಉರಿಯುವ ವಸ್ತುಗಳಿಗೆ ಕಪ್ ಸಾಲದು. ಅದಕ್ಕೆ ಬಾಂಬ್ ಕ್ಯಾಲೊರಿಮೀಟರ್ ಬೇಕು. ಫ್ರಾನ್ಸಿನ ಮಾರ್ಸೆಲಾ ಬರ್ತೆಲೊ 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದ ಉಪಕರಣ ಇದು. ಗಟ್ಟಿ ಉಕ್ಕಿನ ಡಬ್ಬಿಯೊಳಗೆ ವಸ್ತುವನ್ನಿಟ್ಟು, ಸುಮಾರು 30 ವಾಯುಭಾರದ ಒತ್ತಡದಲ್ಲಿ ಆಕ್ಸಿಜನ್ ತುಂಬುತ್ತಾರೆ. ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ಸಣ್ಣ ತಂತಿಗೆ ವಿದ್ಯುತ್ ಹರಿಸಿ ಕಿಡಿ ಕೊಡುತ್ತಾರೆ. ಅಷ್ಟು ಆಕ್ಸಿಜನ್ ಇದ್ದಾಗ ವಸ್ತು ಮಸಿ ಉಳಿಸದೆ ಉರಿದುಹೋಗುತ್ತದೆ. ಸುತ್ತಲಿನ ನೀರು ಬಿಸಿಯಾಗುತ್ತದೆ.

ಇಲ್ಲಿ ಶಾಖ ತೆಗೆದುಕೊಳ್ಳುವುದು ನೀರೊಂದೇ ಅಲ್ಲ. ಉಕ್ಕಿನ ಡಬ್ಬಿ, ಕಲಕುವ ಯಂತ್ರ, ಪಾತ್ರೆ ಎಲ್ಲವೂ ಪಾಲುದಾರರು. ಒಂದೊಂದರ ತೂಕ, ವಿಶಿಷ್ಟೋಷ್ಣ ಹುಡುಕುತ್ತಾ ಹೋಗುವ ಬದಲು ಇಡೀ ಉಪಕರಣಕ್ಕೆ ಒಂದೇ ಸಂಖ್ಯೆ ಕಂಡುಹಿಡಿಯುತ್ತಾರೆ. ಅದಕ್ಕೆ ಬೆಂಜೋಯಿಕ್ ಆಮ್ಲ ಬಳಸುವುದು ರೂಢಿ. ಅದು ಶುದ್ಧವಾಗಿ ಸಿಗುತ್ತದೆ, ಗಾಳಿಯ ತೇವ ಹೀರುವುದಿಲ್ಲ, ಒಂದು ಗ್ರಾಂ ಉರಿದರೆ 26.43 ಕಿಲೋಜೂಲ್ ಬರುತ್ತದೆ ಎಂದು ಖಚಿತವಾಗಿ ಗೊತ್ತಿದೆ. ಒಂದು ಗ್ರಾಂ ಬೆಂಜೋಯಿಕ್ ಆಮ್ಲ ಉರಿಸಿದಾಗ ತಾಪಮಾನ 2.50 ಡಿಗ್ರಿ ಏರಿತು ಎಂದುಕೊಳ್ಳಿ. ಹಾಗಾದರೆ ಈ ಉಪಕರಣವನ್ನು ಒಂದು ಡಿಗ್ರಿ ಏರಿಸಲು 10.57 ಕಿಲೋಜೂಲ್ ಬೇಕು. ಈಗ ಅದೇ ಡಬ್ಬಿಯಲ್ಲಿ ಒಂದು ಗ್ರಾಂ ಸಕ್ಕರೆ ಉರಿಸಿ. 1.56 ಡಿಗ್ರಿ ಏರಿದರೆ, ಬಂದ ಉಷ್ಣ 1.56 × 10.57, ಅಂದರೆ ಸುಮಾರು 16.5 ಕಿಲೋಜೂಲ್. ಸಕ್ಕರೆಯ ಒಂದು ಮೋಲ್ 342 ಗ್ರಾಂ. ಹಾಗಾಗಿ ಮೋಲ್‌ಗೆ ಸುಮಾರು 5640 ಕಿಲೋಜೂಲ್.

ಒಂದು ಸೂಕ್ಷ್ಮವನ್ನು ಇಲ್ಲಿ ಬಿಡಬಾರದು. ಕಪ್ ತೆರೆದಿದೆ, ಅಲ್ಲಿ ಒತ್ತಡ ಬದಲಾಗುವುದಿಲ್ಲ. ಬಾಂಬ್ ಮುಚ್ಚಿದೆ, ಅಲ್ಲಿ ಗಾತ್ರ ಬದಲಾಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಅನಿಲ ಹುಟ್ಟಿದರೆ ಅದು ಸುತ್ತಲಿನ ಗಾಳಿಯನ್ನು ಹಿಂದೆ ತಳ್ಳಬೇಕು, ಅದಕ್ಕೆ ಒಂದಿಷ್ಟು ಶಕ್ತಿ ಹೋಗುತ್ತದೆ. ಅನಿಲ ಕಡಿಮೆಯಾದರೆ ಸುತ್ತಲಿನ ಗಾಳಿ ಒಳಗೆ ಒತ್ತಿ, ಒಂದಿಷ್ಟು ಶಕ್ತಿ ವಾಪಸ್ ಸಿಗುತ್ತದೆ. ಸ್ಥಿರ ಒತ್ತಡದಲ್ಲಿ ಅಳೆದ ಉಷ್ಣಕ್ಕೆ ಎಂಥಾಲ್ಪಿ ಬದಲಾವಣೆ ಎಂದು ಹೆಸರು, ಸ್ಥಿರ ಗಾತ್ರದಲ್ಲಿ ಅಳೆದದ್ದು ಆಂತರಿಕ ಶಕ್ತಿಯ ಬದಲಾವಣೆ. ಎರಡರ ನಡುವಿನ ವ್ಯತ್ಯಾಸ ಚಿಕ್ಕದು. ಕೋಣೆಯ ತಾಪಮಾನದಲ್ಲಿ ಅನಿಲದ ಮೋಲ್ ಸಂಖ್ಯೆ ಒಂದು ಬದಲಾದರೆ ಸುಮಾರು 2.5 ಕಿಲೋಜೂಲ್ ವ್ಯತ್ಯಾಸ ಅಷ್ಟೇ. ಸಕ್ಕರೆ ಉರಿಯುವಾಗ 12 ಮೋಲ್ ಆಕ್ಸಿಜನ್ ಹೋಗಿ 12 ಮೋಲ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಆದ್ದರಿಂದ ವ್ಯತ್ಯಾಸವೇ ಇಲ್ಲ. ಮೀಥೇನ್‌ನಲ್ಲಿ ಮೂರು ಮೋಲ್ ಅನಿಲ ಹೋಗಿ ಒಂದು ಮೋಲ್ ಉಳಿಯುತ್ತದೆ. ಅಲ್ಲಿ ಸುಮಾರು 5 ಕಿಲೋಜೂಲ್ ಸರಿಪಡಿಸಬೇಕು.

ಆಹಾರದ ಪೊಟ್ಟಣದ ಮೇಲಿನ ಕ್ಯಾಲೊರಿ ಸಂಖ್ಯೆಗಳ ಮೂಲವೂ ಈ ಡಬ್ಬಿಯೇ. ಅಲ್ಲಿ ಬರೆಯುವ ಕ್ಯಾಲೊರಿ ನಿಜವಾಗಿ ಕಿಲೋಕ್ಯಾಲೊರಿ, ಅಂದರೆ 4.184 ಕಿಲೋಜೂಲ್. ಒಂದು ಗ್ರಾಂ ಸಕ್ಕರೆಯ 16.5 ಕಿಲೋಜೂಲನ್ನು ಅದರಿಂದ ಭಾಗಿಸಿದರೆ 4ರ ಹತ್ತಿರ ಬರುತ್ತದೆ. ಪ್ರೋಟೀನ್ ಮಾತ್ರ ಬೇರೆ. ಬಾಂಬ್‌ನಲ್ಲಿ ಅದು ಗ್ರಾಂಗೆ ಐದೂವರೆಗಿಂತ ಹೆಚ್ಚು ಕೊಡುತ್ತದೆ, ಪೊಟ್ಟಣದ ಮೇಲೆ 4 ಎಂದೇ ಲೆಕ್ಕ. ಬಾಂಬ್‌ನಲ್ಲಿ ಪ್ರೋಟೀನ್ ಪೂರ್ತಿ ಉರಿಯುತ್ತದೆ. ದೇಹ ಅದರ ನೈಟ್ರೋಜನ್ ಭಾಗವನ್ನು ಯೂರಿಯಾ ಮಾಡಿ ಹೊರಹಾಕುತ್ತದೆ. ಆ ಯೂರಿಯಾದಲ್ಲಿ ಇನ್ನೂ ಉರಿಯಬಲ್ಲ ಶಕ್ತಿ ಉಳಿದಿರುತ್ತದೆ. ಜೊತೆಗೆ ತಿಂದದ್ದೆಲ್ಲ ಜೀರ್ಣವಾಗುವುದೂ ಇಲ್ಲ.

ಮಾಡಲಾಗದ ಪ್ರಯೋಗದ ಉತ್ತರ

1840ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಜರ್ಮೇನ್ ಹೆಸ್ ಒಂದು ವಿಷಯ ಗಮನಿಸಿದರು. ಸಲ್ಫ್ಯೂರಿಕ್ ಆಮ್ಲಕ್ಕೆ ನೇರವಾಗಿ ಅಮೋನಿಯಾ ದ್ರಾವಣ ಸೇರಿಸಿದಾಗ ಒಂದಿಷ್ಟು ಉಷ್ಣ ಬಂತು. ಮೊದಲು ಆಮ್ಲಕ್ಕೆ ನೀರು ಬೆರೆಸಿ ತೆಳುಮಾಡಿ, ಆಮೇಲೆ ಅಮೋನಿಯಾ ಸೇರಿಸಿದಾಗ ಎರಡು ಹಂತದಲ್ಲಿ ಉಷ್ಣ ಬಂತು. ಎರಡನ್ನೂ ಕೂಡಿಸಿದರೆ ಮೊದಲಿನ ಮೊತ್ತವೇ ಸಿಕ್ಕಿತು. ಎಲ್ಲಿಂದ ಹೊರಟೆವು, ಎಲ್ಲಿಗೆ ಮುಟ್ಟಿದೆವು ಅನ್ನುವುದಷ್ಟೇ ಮುಖ್ಯ, ಯಾವ ದಾರಿಯಲ್ಲಿ ಹೋದೆವು ಅನ್ನುವುದು ಮುಖ್ಯವಲ್ಲ. ಇದು ಹೆಸ್ ನಿಯಮ. ಶಕ್ತಿ ಸಂರಕ್ಷಣೆಯ ನಿಯಮ ಸ್ಪಷ್ಟ ರೂಪ ಪಡೆಯುವ ಮೊದಲೇ ಹೆಸ್ ಇದನ್ನು ಅಳತೆಯಿಂದ ಕಂಡುಕೊಂಡಿದ್ದರು ಎಂಬುದು ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಇದರ ಬಲ ಎಲ್ಲಿದೆ ನೋಡಿ. ಇಂಗಾಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುವಾಗ ಎಷ್ಟು ಉಷ್ಣ ಬರುತ್ತದೆ? ಪ್ರಯೋಗ ಮಾಡಿ ಅಳೆಯುವುದು ಕಷ್ಟ. ಆಕ್ಸಿಜನ್ ಎಷ್ಟೇ ಕಡಿಮೆ ಕೊಟ್ಟರೂ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಆಗಿಯೇ ತೀರುತ್ತದೆ. ಆದರೆ ಅಳೆಯಬಹುದಾದ ಎರಡು ಕ್ರಿಯೆಗಳಿವೆ. ಇಂಗಾಲ ಪೂರ್ತಿ ಉರಿದು ಡೈಆಕ್ಸೈಡ್ ಆದರೆ ಮೋಲ್‌ಗೆ −393.5 ಕಿಲೋಜೂಲ್. ಮೊನಾಕ್ಸೈಡ್ ಉರಿದು ಡೈಆಕ್ಸೈಡ್ ಆದರೆ −283.0. ಎರಡೂ ಕೊನೆಗೆ ಮುಟ್ಟುವುದು ಒಂದೇ ಜಾಗಕ್ಕೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ: −110.5. ಮಾಡಲಾಗದ ಪ್ರಯೋಗದ ಉತ್ತರ ಸಿಕ್ಕಿಬಿಟ್ಟಿತು.

ವಜ್ರ ಗ್ರಾಫೈಟ್ ಆಗುವ ಕ್ರಿಯೆ ಇನ್ನೂ ವಿಚಿತ್ರ. ಕೋಣೆಯ ತಾಪಮಾನದಲ್ಲಿ ಅದು ಎಷ್ಟು ನಿಧಾನವೆಂದರೆ ಕಾದು ಕೂತು ಅಳೆಯುವ ಮಾತೇ ಇಲ್ಲ. ಆದರೆ ಎರಡನ್ನೂ ಉರಿಸಬಹುದು. ವಜ್ರಕ್ಕೆ −395.4, ಗ್ರಾಫೈಟ್‌ಗೆ −393.5. ವ್ಯತ್ಯಾಸ −1.9 ಕಿಲೋಜೂಲ್. ವಜ್ರ ಗ್ರಾಫೈಟ್ ಆದರೆ ಅಷ್ಟೇ ಅಷ್ಟು ಉಷ್ಣ ಹೊರಬರುತ್ತದೆ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಪುಟ್ಟ ಅಂತರ ಇದು. ದಹನದ ಅಳತೆಯಲ್ಲಿ ಶೇಕಡಾ ಒಂದರಷ್ಟು ತಪ್ಪಾದರೂ ಈ ಉತ್ತರ ಮುಳುಗಿಹೋಗುತ್ತದೆ. ಕ್ಯಾಲೊರಿಮೀಟರ್‌ನಲ್ಲಿ ನಾಲ್ಕು ಅಂಕಿಗಳ ನಿಖರತೆಗಾಗಿ ಯಾಕೆ ಅಷ್ಟು ಹೆಣಗುತ್ತಾರೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಪ್ರತಿಯೊಂದು ಕ್ರಿಯೆಗೂ ಹೀಗೆ ಬೇರೆ ದಾರಿ ಹುಡುಕುವ ಬದಲು ಎಲ್ಲರೂ ಒಂದು ಸಾಮಾನ್ಯ ಆರಂಭದ ಜಾಗ ಒಪ್ಪಿಕೊಂಡಿದ್ದಾರೆ. ಧಾತುಗಳು ತಮ್ಮ ಸ್ಥಿರ ರೂಪದಲ್ಲಿದ್ದಾಗ, ಸಾಮಾನ್ಯವಾಗಿ 25 ಡಿಗ್ರಿ ಮತ್ತು 1 ಬಾರ್ ಒತ್ತಡದಲ್ಲಿ, ಅವುಗಳ ಲೆಕ್ಕ ಸೊನ್ನೆ. ಅವುಗಳಿಂದ ಒಂದು ಮೋಲ್ ಸಂಯುಕ್ತ ಉಂಟಾಗುವಾಗಿನ ಬದಲಾವಣೆಗೆ ಉತ್ಪತ್ತಿ ಎಂಥಾಲ್ಪಿ ಎಂದು ಹೆಸರು. ಇವುಗಳ ಪಟ್ಟಿ ಕೈಯಲ್ಲಿದ್ದರೆ, ಉತ್ಪನ್ನಗಳ ಮೊತ್ತದಿಂದ ಆರಂಭದ ವಸ್ತುಗಳ ಮೊತ್ತ ಕಳೆದರೆ ಸಾಕು. ಮೀಥೇನ್ ಉರಿಯುವುದನ್ನೇ ನೋಡಿ. ಕಾರ್ಬನ್ ಡೈಆಕ್ಸೈಡ್ −393.5. ದ್ರವ ನೀರು −285.8, ಎರಡು ಮೋಲ್ ಆದ್ದರಿಂದ −571.6. ಕೂಡಿಸಿದರೆ −965.1. ಆರಂಭದಲ್ಲಿದ್ದ ಮೀಥೇನ್ −74.8, ಆಕ್ಸಿಜನ್ ಸೊನ್ನೆ. ಕಳೆದರೆ −890.3 ಕಿಲೋಜೂಲ್. ಬೆಂಕಿ ಹಚ್ಚದೆ ಬಂದ ಉತ್ತರ ಇದು, ಉರಿಸಿ ಅಳೆದರೂ ಇದೇ ಬರುತ್ತದೆ.

ಉಷ್ಣ ಬರುವುದು ಎಲ್ಲಿಂದ?

ಬಂಧ ಮುರಿದರೆ ಶಕ್ತಿ ಬಿಡುಗಡೆಯಾಗುತ್ತದೆ ಎಂಬ ತಪ್ಪು ನಂಬಿಕೆ ತುಂಬ ಹರಡಿದೆ. ನಿಜ ಅದರ ವಿರುದ್ಧ. ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಲೇಬೇಕು. ಶಕ್ತಿ ಹೊರಬರುವುದು ಹೊಸ ಬಂಧ ಕೂಡಿದಾಗ. ಕೂಡುವಾಗ ಬಂದದ್ದು ಮುರಿಯುವಾಗ ಕೊಟ್ಟದ್ದಕ್ಕಿಂತ ಹೆಚ್ಚಾದರೆ ಕ್ರಿಯೆ ಬಹಿರುಷ್ಣಕ.

ಮೀಥೇನ್‌ನಲ್ಲೇ ಈ ಲೆಕ್ಕವನ್ನೂ ಹಾಕೋಣ. ನಾಲ್ಕು ಕಾರ್ಬನ್-ಹೈಡ್ರೋಜನ್ ಬಂಧ ಮುರಿಯಲು 4 × 413. ಎರಡು ಆಕ್ಸಿಜನ್ ಅಣು ಮುರಿಯಲು 2 × 498. ಒಟ್ಟು 2648 ಕಿಲೋಜೂಲ್ ಖರ್ಚು. ಕಾರ್ಬನ್ ಡೈಆಕ್ಸೈಡ್‌ನ ಎರಡು ದ್ವಿಬಂಧಗಳಿಂದ 2 × 799, ಎರಡು ನೀರಿನ ಅಣುಗಳ ನಾಲ್ಕು ಬಂಧಗಳಿಂದ 4 × 463. ಒಟ್ಟು 3450 ಕಿಲೋಜೂಲ್ ಆದಾಯ. ಉಳಿದದ್ದು 802.

ಆದರೆ ಮೇಲೆ 890 ಬಂದಿತ್ತಲ್ಲ? ಲೆಕ್ಕ ತಪ್ಪಿಲ್ಲ. ಬಂಧ ಶಕ್ತಿಯ ಲೆಕ್ಕದಲ್ಲಿ ಎಲ್ಲವೂ ಅನಿಲ, ನೀರು ಕೂಡ ಆವಿ. ಮೇಲಿನ ಲೆಕ್ಕದಲ್ಲಿ ನೀರು ದ್ರವ. ಒಂದು ಮೋಲ್ ಆವಿ 25 ಡಿಗ್ರಿಯಲ್ಲಿ ದ್ರವವಾದರೆ ಸುಮಾರು 44 ಕಿಲೋಜೂಲ್ ಬರುತ್ತದೆ. ಎರಡು ಮೋಲ್‌ಗೆ 88. ಸೇರಿಸಿದರೆ 890. ಅದಕ್ಕೇ ಯಾವ ವಸ್ತು ಘನ, ಯಾವುದು ದ್ರವ, ಯಾವುದು ಅನಿಲ ಎಂದು ಬರೆಯದ ಉಷ್ಣದ ಲೆಕ್ಕವನ್ನು ನಂಬಬಾರದು. ಇನ್ನೊಂದು ಮಾತು. ಬಂಧ ಶಕ್ತಿಗಳು ಹಲವು ಅಣುಗಳ ಸರಾಸರಿ. ಇಲ್ಲಿ ಉತ್ತರ ಇಷ್ಟು ಚೆನ್ನಾಗಿ ಹೊಂದಿಕೊಂಡರೂ ಬೇರೆ ಕಡೆ ಹತ್ತಿಪ್ಪತ್ತು ಕಿಲೋಜೂಲ್ ಆಚೀಚೆ ಆಗುವುದು ಸಹಜ. ಉತ್ಪತ್ತಿ ಎಂಥಾಲ್ಪಿ ಸಿಗುವಾಗ ಅದನ್ನೇ ಬಳಸಿ.

ಉಷ್ಣ ಹೊರಬಿಡುವ ಕ್ರಿಯೆ ಮಾತ್ರ ತಾನಾಗಿ ನಡೆಯುತ್ತದೆ ಎಂದು ಬರ್ತೆಲೊ ಮತ್ತು ಡೆನ್ಮಾರ್ಕಿನ ಥಾಮ್ಸನ್ ನಂಬಿದ್ದರು. ಅಮೋನಿಯಂ ನೈಟ್ರೇಟ್ ಯಾರ ಒತ್ತಾಯವೂ ಇಲ್ಲದೆ ಕರಗಿ ನೀರನ್ನು ತಣ್ಣಗೆ ಮಾಡುವುದೇ ಆ ನಂಬಿಕೆಗೆ ಉತ್ತರ. ಕ್ರಿಯೆ ಯಾವ ಕಡೆ ಸಾಗುತ್ತದೆ ಎಂದು ಹೇಳಲು ಉಷ್ಣದ ಜೊತೆ ಎಂಟ್ರೋಪಿಯನ್ನೂ, ಅಂದರೆ ಕಣಗಳು ಮತ್ತು ಶಕ್ತಿ ಎಷ್ಟು ಚದುರಿ ಹರಡಿವೆ ಎಂಬ ಅಳತೆಯನ್ನೂ, ನೋಡಬೇಕು.

ಕಪ್ಪಿನಿಂದ ಟ್ಯಾಂಕಿಗೆ

ಈ ಲೆಕ್ಕ ಜೀವ ಉಳಿಸುವುದು ಕಾರ್ಖಾನೆಗಳಲ್ಲಿ. ಒಂದು ಲೀಟರ್ ಪಾತ್ರೆಯ ಕ್ರಿಯೆಯನ್ನು ಅದೇ ಆಕಾರದ 1000 ಲೀಟರ್ ಪಾತ್ರೆಗೆ ಒಯ್ದರೆ ಹುಟ್ಟುವ ಉಷ್ಣ 1000 ಪಟ್ಟು. ಶಾಖ ಹೊರಹೋಗಬೇಕಾದ ಗೋಡೆಯ ವಿಸ್ತೀರ್ಣ ಮಾತ್ರ 100 ಪಟ್ಟು. ಪ್ರಯೋಗಶಾಲೆಯಲ್ಲಿ ಬೆಚ್ಚಗೆ ಅನಿಸಿದ ಕ್ರಿಯೆ ಅಲ್ಲಿ ಕೈಮೀರಬಹುದು. ತಾಪಮಾನ ಏರಿದಂತೆ ಕ್ರಿಯೆಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಇನ್ನಷ್ಟು ಉಷ್ಣ.

2007ರ ಡಿಸೆಂಬರ್ 19ರಂದು ಅಮೆರಿಕದ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಹೀಗೇ ಸ್ಫೋಟಿಸಿ ನಾಲ್ವರು ಸತ್ತರು. ಸೋಡಿಯಂ ಬಳಸುವ ಆ ಕ್ರಿಯೆಯನ್ನು ತಂಪು ಮಾಡುವ ವ್ಯವಸ್ಥೆ ಕೈಕೊಟ್ಟಿತ್ತು. ತಾಪಮಾನ ಸುಮಾರು 200 ಡಿಗ್ರಿ ಮುಟ್ಟಿದಾಗ ಸೋಡಿಯಂ ಮತ್ತು ದ್ರಾವಕದ ನಡುವೆಯೇ ಇನ್ನೊಂದು ಬಹಿರುಷ್ಣಕ ಕ್ರಿಯೆ ಶುರುವಾಯಿತು. ಸರಿಯಾದ ಕ್ಯಾಲೊರಿಮೀಟರ್ ಪರೀಕ್ಷೆಯಲ್ಲಿ ಈ ಎರಡನೇ ಕ್ರಿಯೆ ಮೊದಲೇ ಕಾಣಿಸುತ್ತದೆ.

ಎಂಜಿನಿಯರುಗಳು ಕೇಳುವ ಮೊದಲ ಪ್ರಶ್ನೆ ಇದು: ತಂಪು ಮಾಡುವುದು ಪೂರ್ತಿ ನಿಂತು, ಹುಟ್ಟಿದ ಉಷ್ಣವೆಲ್ಲ ಒಳಗೇ ಉಳಿದರೆ ತಾಪಮಾನ ಎಲ್ಲಿಗೆ ಮುಟ್ಟುತ್ತದೆ? ನಮ್ಮ ಆಮ್ಲದ ಕಪ್ಪಿನಲ್ಲಿ ಏರಿಕೆ 6.7 ಡಿಗ್ರಿ. ಸಾರತೆ ಹತ್ತು ಪಟ್ಟಾದರೆ ಏರಿಕೆ 67 ದಾಟಿ, 25 ಡಿಗ್ರಿಯಿಂದ ಹೊರಟ ದ್ರಾವಣ ಕುದಿಯುವ ಹತ್ತಿರ ಬಂದಿರುತ್ತದೆ. ಹೀಗೆ ಬಂದ ಸಂಖ್ಯೆಯನ್ನು ದ್ರಾವಕದ ಕುದಿಬಿಂದುವಿಗೂ, ವಸ್ತುಗಳು ಒಡೆಯಲು ಶುರುವಾಗುವ ತಾಪಮಾನಕ್ಕೂ ಹೋಲಿಸುತ್ತಾರೆ. ಅದನ್ನು ದಾಟುವಂತಿದ್ದರೆ ಎರಡೂ ವಸ್ತುಗಳನ್ನು ಒಟ್ಟಿಗೆ ಸುರಿಯುವುದಿಲ್ಲ. ಒಂದನ್ನು ಮೊದಲು ಹಾಕಿ, ಇನ್ನೊಂದನ್ನು ಅದು ಖರ್ಚಾಗುವ ವೇಗದಲ್ಲೇ ನಿಧಾನವಾಗಿ ಬಿಡುತ್ತಾರೆ. ತಂಪು ನಿಂತ ಕೂಡಲೇ ಆ ನಲ್ಲಿ ಮುಚ್ಚಿದರೆ, ಇನ್ನು ಹುಟ್ಟಬಹುದಾದ ಉಷ್ಣ ಆಗ ಪಾತ್ರೆಯಲ್ಲಿ ಖರ್ಚಾಗದೆ ಉಳಿದಿರುವ ಆ ವಸ್ತುವಿನಷ್ಟಕ್ಕೆ ಮಾತ್ರ.